ವಿಕ್ರೋಲಿಯಲ್ಲಿ ನೆಲೆಸಿದ ಅಜ್ಜಿ

ಮುಂಬಯಿಯ ವಿಕ್ರೋಲಿಯಲ್ಲಿ ದುಡಿಯುವ ನಮ್ಮ ವಾಚಕರು ಅನೇಕರಿದ್ದಾರೆ. ಅಲ್ಲಿಯ ಗೋದ್ರೇಜ್ ಕಾರ್ಮಿಕರ ವಸಾಹತು ಅವರಿಗೆ ಅಪರಿಚಿತವಲ್ಲ. ಆ ವಸಾಹತಿನಲ್ಲಿ ಅಮೆರಿಕೆಯ ವೃದ್ಧೆಯೊಬ್ಬರು ಒಂದು ಕಾಲದಲ್ಲಿ ಸೇವೆಗಾಗಿ ಬಂದು ನೆಲೆಸಿದ್ದರೆಂಬುದು ಮಾತ್ರ ಎಲ್ಲರಿಗೂ ತಿಳಿದಿರಲಾರದು.

ಅವರೇ ಲಿಲಿಯನ್ ಕಾರ್ಟರ್. ಜಾರ್ಜಿಯಾ ಪ್ರಾಂತದ ಪ್ಲೇನ್ಸ್ ಎಂಬ ಸಣ್ಣ ಊರಿನವರು, ವೃತ್ತಿಯಿಂದ ದಾದಿ, ನೆಲಗಡಲೆಯ ವ್ಯಾಪಾರವಿದ್ದ ಅನುಕೂಲಸ್ಥ ಮನೆತನ. 1953ರಲ್ಲಿ ಪತಿ ತೀರಿಹೋದರು. ಅಧ್ಯಕ್ಷ ಕೆನೆಡಿಯವರು 1961ರಲ್ಲಿ ಸ್ಥಾಪಿಸಿದ ಶಾಂತಿದಳಕ್ಕೆ ವಯಸ್ಸಿನ ಮೇಲ್ಮಿತಿಯಿಲ್ಲವೆಂಬ ಪ್ರಕಟಣೆಯನ್ನು ಟೆಲಿವಿಷನ್ನಿನಲ್ಲಿ ಕಂಡು ಅರ್ಜಿ ಹಾಕಿಯೇಬಿಟ್ಟರು. 1966ರಲ್ಲಿ ದಳವನ್ನು ಸೇರಿದಾಗ ಅವರಿಗೆ ಅರುವತ್ತೆಂಟು ವರ್ಷ! ನಮ್ಮಲ್ಲಾದರೆ ಆ ಪ್ರಾಯದಲ್ಲಿ ಕಾಶಿಗೆ ಹೊರಟರೂ ಜತೆಗೊಬ್ಬರನ್ನು ಕಳುಹಿಸುತ್ತೇವೆ.

ಶಿಕಾಗೋ ನಗರದಲ್ಲಿ ತರಬೇತಿ ಪಡೆದು ಬಂದರೂ ಮೊದಲ ತಿಂಗಳುಗಳು ಸುಲಭವಾಗಿರಲಿಲ್ಲ. ಭಾಷೆ ಹಿಡಿಯದು, ಊಟ ಒಗ್ಗದು. ದಳದವರು ಕೊಡುತ್ತಿದ್ದ ಭತ್ಯೆ ಸ್ವಲ್ಪ. ಮನೆಯಿಂದ ಬರುವ ಕಾಗದಕ್ಕಾಗಿ ಕಾಯುವುದೇ ಕಾಯುವುದು. ಆ ಕಾಯುವಿಕೆಯನ್ನು ನಮ್ಮವರಿಗೆ ವಿವರಿಸಬೇಕಾಗಿಲ್ಲ. ಈ ಲೇಖಕನೂ ಮುಂಬಯಿಗೆ ಬಂದ ಹೊಸತರಲ್ಲಿ ಹೋಟೆಲಿನ ಅಟ್ಟದ ಮೇಲೆ ಮಲಗಿ, ಊರಿಗೆ ಹೋಗುವ ಬಸ್ಸಿನ ಹಣವನ್ನು ಎಷ್ಟೋ ರಾತ್ರಿ ಎಣಿಸಿದವನೇ. ಆದರೆ ನಾವು ಬಂದುದು ಹೊಟ್ಟೆಯ ಪಾಡಿಗೆ. ಆಕೆಗೆ ಊರಿನಲ್ಲಿ ಉಣ್ಣಲು ಉಡಲು ಏನು ಕೊರತೆಯಿತ್ತು?

ಮೊದಲು ಅವರಿಗೆ ವಹಿಸಿದ ಕೆಲಸ ಕುಟುಂಬ ಯೋಜನೆಯದು. ಬಳಿಕ ವಸಾಹತಿನ ದವಾಖಾನೆಯಲ್ಲಿ ವೈದ್ಯರ ಜತೆ ರೋಗಿಗಳ ಶುಶ್ರೂಷೆ. ಅಲ್ಲಿ ಕುಷ್ಠರೋಗ ತಗಲಿದ ಬಾಲಿಕೆಯೊಬ್ಬಳನ್ನು ಮುಟ್ಟಬೇಕಾಗಿ ಬಂದಾಗ ದಾದಿಯಾಗಿಯೂ ಅವರಿಗೆ ಭೀತಿಯುಂಟಾಯಿತು. ಮುಟ್ಟಿದ ಬಳಿಕ ಕೈಯನ್ನು ಮತ್ತೆ ಮತ್ತೆ ತಿಕ್ಕಿ ತೊಳೆದುಕೊಂಡರು. ದಿನ ಕಳೆದಂತೆ ಆ ಮಗುವಿನ ಮೇಲೆ ಮಮತೆ ಬೆಳೆಯಿತು, ಭಯ ಹೋಯಿತು. ಇದನ್ನು ಅವರು ಮುಚ್ಚಿಡದೆ ಬರೆದುಕೊಂಡಿದ್ದಾರೆ. ತಾನು ಹೆದರಿದ್ದೆನೆಂದು ಒಪ್ಪಿಕೊಳ್ಳುವ ಸೇವಕರು ವಿರಳ, ಆದುದರಿಂದಲೇ ಈಕೆಯ ಮಾತು ನಮಗೆ ಹೆಚ್ಚು ನಂಬಿಕೆಯದಾಗಿ ತೋರುತ್ತದೆ.

ತೋಟದ ಮಾಲಿಯೊಬ್ಬ ಅವರಿಗೆ ಹೂ, ತರಕಾರಿ ತಂದುಕೊಡುತ್ತಿದ್ದನಂತೆ. ಪ್ರತಿಯಾಗಿ ಆತ ಬಯಸಿದುದು ಹಣವನ್ನಲ್ಲ. ತನ್ನ ಮಗಳಿಗೆ ಓದುಬರಹ ಕಲಿಸಬೇಕೆಂಬುದನ್ನು. ಅಜ್ಜಿ ಒಪ್ಪಿ ಕಲಿಸತೊಡಗಿದರು. ಕೊಡು ಕೊಳ್ಳುವ ನೆರೆಹೊರೆ ಹೀಗೆ ದೊರೆತ ಮೇಲೆ ವಿಕ್ರೋಲಿ ಅವರಿಗೆ ಪರಸ್ಥಳವಾಗಿ ಉಳಿಯಲಿಲ್ಲ.

ಇಪ್ಪತ್ತೊಂದು ತಿಂಗಳ ಸೇವೆ ಮುಗಿಸಿ 1968ರಲ್ಲಿ ಅವರು ಸ್ವದೇಶಕ್ಕೆ ಮರಳಿದರು. ಮನೆಗೆ ಬರೆದ ಕಾಗದಗಳು 1977ರಲ್ಲಿ ಪುಸ್ತಕವಾಗಿ ಅಚ್ಚಾದವು. ಅದೇ ವರ್ಷದ ಜನವರಿಯಲ್ಲಿ ಮಗ ಜಿಮ್ಮಿ ಕಾರ್ಟರ್ ಅಮೆರಿಕೆಯ ಅಧ್ಯಕ್ಷರಾಗಿದ್ದರು. ಫೆಬ್ರವರಿಯಲ್ಲಿ ನಮ್ಮ ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹಮದ್ ನಿಧನರಾದಾಗ ಅಂತ್ಯಕ್ರಿಯೆಗೆ ಅಮೆರಿಕೆಯ ಪ್ರತಿನಿಧಿಯಾಗಿ ದಿಲ್ಲಿಗೆ ಬಂದವರು ಈ ಅಜ್ಜಿಯೇ. ಸರಕಾರದ ಕಾರ್ಯ ಮುಗಿಸಿದವರು ವಿಕ್ರೋಲಿಗೂ ಬಂದು, ತಮ್ಮ ಹಳೆಯ ನೆರೆಹೊರೆಯನ್ನು ಕಂಡೇ ಹಿಂದಿರುಗಿದರು.