‘ಸ್ಲೋ ನಿಂದ್ರವಲ್ದು, ಉಸ್ತಾದ್!’

ಕಬ್ಬು ನುರಿಸುವ ಹಂಗಾಮು ಶುರುವಾಯಿತೆಂದರೆ ಆಳಂದ ತಾಲ್ಲೂಕಿನ ಭೂಸನೂರ ಸಕ್ಕರೆ ಕಾರ್ಖಾನೆಯ ಕಡೆಗೆ ಟ್ರ್ಯಾಕ್ಟರುಗಳ ಸಾಲು ಹರಿಯುತ್ತದೆ. ಹಿಂದೆ ಟ್ರೇಲರ್, ಅದರ ಮೇಲೆ ಟನ್ನುಗಟ್ಟಲೆ ಕಬ್ಬು. ಸಾಲು ಒಂದಿಷ್ಟು ಸರಿಯುತ್ತದೆ, ಮತ್ತೆ ನಿಲ್ಲುತ್ತದೆ. ಹೊಲದಿಂದ ಅಷ್ಟು ಭಾರ ಎಳೆದು ತಂದ ಹಳೆಯ ಇಂಜಿನ್ನಿನ ಬಣ್ಣ ಬಯಲಾಗುವುದು ಹೀಗೆ ನಿಂತಾಗಲೇ. ಸದ್ದು ಏರುತ್ತದೆ, ಇಳಿಯುತ್ತದೆ, ಬಾನೆಟ್ಟು ಗಡಗಡ ನಡುಗುತ್ತದೆ, ಕೊನೆಗೆ ಇಂಜಿನ್ ಬಂದ್. ‘ಸ್ಲೋ ನಿಂದ್ರವಲ್ದು, ಉಸ್ತಾದ್’ ಎನ್ನುತ್ತ ಡ್ರೈವರ್ ಗ್ಯಾರೇಜಿನ ಮುಂದೆ ಇಳಿಯುತ್ತಾನೆ.

ಭಾರ ಎಳೆಯುವಾಗ ಇಲ್ಲದ ತಕರಾರು ನಿಂತಾಗ ಏಕೆ?

ಡೀಸೆಲ್ ಇಂಜಿನ್ನಿಗೆ ಸ್ಪಾರ್ಕ್ ಪ್ಲಗ್ ಇಲ್ಲ. ಗಾಳಿಯನ್ನು 16ರಿಂದ 20 ಪಟ್ಟು ಒತ್ತಿ, 500 ಡಿಗ್ರಿ ಸೆಲ್ಸಿಯಸ್ಸಿಗೂ ಮೇಲೆ ಕಾಯಿಸಿ, ಅದರೊಳಕ್ಕೆ ಡೀಸೆಲ್ ಚಿಮ್ಮಿಸಿದರೆ ಅದು ತಾನಾಗಿ ಹೊತ್ತಿಕೊಳ್ಳುತ್ತದೆ. ನಾಲ್ಕು ಸಿಲಿಂಡರಿನ ಇಂಜಿನ್ ‘ಸ್ಲೋ’ದಲ್ಲಿ, ಅಂದರೆ ಭಾರವಿಲ್ಲದೆ ನಿಂತಲ್ಲೇ ನಿಮಿಷಕ್ಕೆ 700 ಸುತ್ತು ತಿರುಗುತ್ತಿರುವಾಗ, ಇಂಜೆಕ್ಷನ್ ಪಂಪು ನಿಮಿಷಕ್ಕೆ 1,400 ಸಲ ಡೀಸೆಲ್ ಕಳಿಸಬೇಕು. ಒಂದು ಸಲಕ್ಕೆ ಹೋಗುವುದು ಒಂದು ಹನಿಗಿಂತಲೂ ಕಡಿಮೆ. ಭಾರವಿದ್ದಾಗ ಇದರ ಹಲವು ಪಟ್ಟು ಹೋಗುವುದರಿಂದ ಸಣ್ಣ ಹೆಚ್ಚುಕಡಿಮೆ ಗೊತ್ತಾಗುವುದಿಲ್ಲ. ಸ್ಲೋದಲ್ಲಿ ಅಷ್ಟೇ ಹೆಚ್ಚುಕಡಿಮೆಗೆ ಒಂದು ಸಿಲಿಂಡರು ಕೈಕೊಡುತ್ತದೆ.

ರುಡಾಲ್ಫ್ ಡೀಸೆಲ್ 1897ರಲ್ಲಿ ಜರ್ಮನಿಯ ಆಗ್ಸ್‌ಬರ್ಗಿನಲ್ಲಿ ಓಡಿಸಿ ತೋರಿಸಿದ ಇಂಜಿನ್ನಿಗೆ ಡೀಸೆಲನ್ನು ಒಳಗೆ ತಳ್ಳಲು ದೊಡ್ಡ ಏರ್ ಕಂಪ್ರೆಸರೇ ಬೇಕಿತ್ತು. 1927ರಲ್ಲಿ ಬಾಷ್ ಕಂಪನಿ ಇಂಜೆಕ್ಷನ್ ಪಂಪುಗಳನ್ನು ಹೆಚ್ಚಿನ ಸಂಖ್ಯೆಯಲ್ಲಿ ತಯಾರಿಸತೊಡಗಿದ ಮೇಲೆ ಲಾರಿ, ಟ್ರ್ಯಾಕ್ಟರುಗಳಿಗೆ ಡೀಸೆಲ್ ಇಂಜಿನ್ ಕೂಡಿಸುವುದು ಸುಲಭವಾಯಿತು. ಬೆಂಗಳೂರಿನಲ್ಲಿ 1951ರಲ್ಲಿ ಶುರುವಾದ ಮೈಕೊ ಆ ಪಂಪುಗಳನ್ನು ಇಲ್ಲಿಯೇ ತಯಾರಿಸಿತು. ಕಂಪನಿಯ ಹೆಸರು 2008ರಲ್ಲಿ ಬಾಷ್ ಎಂದು ಬದಲಾದರೂ ಗ್ಯಾರೇಜಿನ ಬಾಯಲ್ಲಿ ಅದು ಇಂದಿಗೂ ‘ಮೈಕೊ ಪಂಪು’.

ಪಳಗಿದ ಮಿಸ್ತ್ರಿ ಪಾನಾ ಹಿಡಿಯುವ ಮೊದಲು ಕೇಳುತ್ತಾನೆ: ‘ಹೊಗಿ ಯಾವ ಬಣ್ಣ ಬರ್ತದ್ರಿ?’ ಬಿಳಿ ಹೊಗೆಯಾದರೆ ಡೀಸೆಲ್ ಸುಡದೆ ಹೊರಬರುತ್ತಿದೆ. ಕಂಪ್ರೆಷನ್ ಅಥವಾ ಟೈಮಿಂಗ್ ನೋಡಬೇಕು. ಕಪ್ಪಾದರೆ ನಾಜಲ್ ಸೋರುತ್ತಿರಬಹುದು, ಏರ್ ಫಿಲ್ಟರ್ ಕಟ್ಟಿರಬಹುದು. ನೀಲಿಯಾದರೆ ಇಂಜಿನ್ ಆಯಿಲ್ ಉರಿಯುತ್ತಿದೆ. ಆಮೇಲೆ ಸದ್ದಿಗೆ ಕಿವಿಗೊಡುತ್ತಾನೆ. ಒಂದೇ ಲಯದಲ್ಲಿ ಏರಿ ಇಳಿಯುವ ಸದ್ದು ‘ಹಂಟಿಂಗ್’. ವೇಗ ಹಿಡಿದಿಡುವ ಗವರ್ನರ್, ಪಂಪಿನೊಳಗೆ ಡೀಸೆಲ್ ಹೆಚ್ಚುಕಡಿಮೆ ಮಾಡುವ ರ‍್ಯಾಕ್ ಬಿಗಿಯಾಗಿರುವುದು ಅಥವಾ ಲೈನಿನಲ್ಲಿ ಸೇರಿದ ಗಾಳಿಯ ಮೇಲೆ ಅನುಮಾನ. ನಡುನಡುವೆ ಒಂದು ಏಟು ತಪ್ಪುವುದು ‘ಮಿಸ್ಸಿಂಗ್’. ಅದು ಒಂದು ಸಿಲಿಂಡರಿನ ಕತೆ.

ಯಾವ ಸಿಲಿಂಡರು? ಇಂಜಿನ್ ಓಡುತ್ತಿರುವಾಗಲೇ ನಾಜಲ್ಲಿಗೆ ಹೋಗುವ ಪೈಪಿನ ನಟ್ಟನ್ನು ಒಂದೊಂದಾಗಿ ತುಸು ಸಡಿಲಿಸುತ್ತಾರೆ. ಚೆನ್ನಾಗಿರುವ ಸಿಲಿಂಡರಿನದು ಸಡಿಲಾದರೆ ಇಂಜಿನ್ ಮತ್ತಷ್ಟು ಕುಂಟುತ್ತದೆ. ಯಾವುದನ್ನು ಸಡಿಲಿಸಿದರೂ ಸದ್ದು ಬದಲಾಗಲಿಲ್ಲವೋ ಕಳ್ಳ ಅಲ್ಲಿದ್ದಾನೆ.

ಗಾಳಿಯ ಅನುಮಾನ ಬಂದರೆ ಬೇರೆ ಪರೀಕ್ಷೆ. ಸ್ವಚ್ಛ ಡೀಸೆಲ್ ತುಂಬಿದ ಕ್ಯಾನನ್ನು ಎತ್ತರದಲ್ಲಿಟ್ಟು, ಅದರಿಂದ ನೇರ ಫೀಡ್ ಪಂಪಿಗೆ ಪೈಪು ಕೊಟ್ಟು, ಏರ್ ತೆಗೆದು ಸ್ಟಾರ್ಟ್ ಮಾಡುತ್ತಾರೆ. ಸ್ಲೋ ನಿಂತಿತೋ, ತಪ್ಪು ಟ್ಯಾಂಕಿನ ಕಡೆಗಿದೆ: ಬಿರುಕು ಬಿಟ್ಟ ರಬ್ಬರ್ ಪೈಪು, ಕಸ ಕಟ್ಟಿದ ಜಾಳಿಗೆ, ಹಳೆಯ ತಾಮ್ರದ ವಾಷರ್. ವಾಷರ್ ಬದಲಿಸಿದರೆ ಮುಗಿಯುವ ಕೆಲಸಕ್ಕೆ ಪಂಪು ಬಿಚ್ಚುವವನನ್ನು ಯಾರೂ ಉಸ್ತಾದ್ ಎನ್ನುವುದಿಲ್ಲ.

ನಾಜಲ್ಲಿನ ತೀರ್ಪು ಟೆಸ್ಟರಿನ ಮೇಲೆ. ಕೈಹಿಡಿ ಒತ್ತಿದಾಗ ಗಡಿಯಾರದ ಮುಳ್ಳು ಏರಿ, ಹಳೆಯ ಇಂಜಿನ್ನುಗಳಲ್ಲಿ ಸಾಮಾನ್ಯವಾಗಿ 175ರಿಂದ 250 ಬಾರ್ ಒತ್ತಡದ ನಡುವೆ ನಾಜಲ್ ಬಾಯಿ ತೆರೆಯುತ್ತದೆ. ಒಳ್ಳೆಯ ನಾಜಲ್ ಚರ್ರೆಂದು ಸದ್ದು ಮಾಡಿ, ಮಂಜಿನಂತೆ ಡೀಸೆಲ್ ಚೆಲ್ಲಿ, ತುದಿ ಒಣಗಿಸಿಕೊಳ್ಳುತ್ತದೆ. ಕೆಟ್ಟದ್ದು ಗೆರೆಯಾಗಿ ಚಿಮ್ಮಿ ಹನಿ ಉದುರಿಸುತ್ತದೆ. ಒತ್ತಡ ಇಳಿದಿದ್ದರೆ ಹಲವು ನಾಜಲ್‌ಗಳಲ್ಲಿ ಸ್ಪ್ರಿಂಗಿನ ಮೇಲೊಂದು ತೆಳು ಶಿಮ್ ಸೇರಿಸಿ ಏರಿಸುತ್ತಾರೆ.

ಇಷ್ಟಾದರೂ ಬಗೆಹರಿಯದಿದ್ದರೆ, ಟ್ಯಾಪೆಟ್ ಮತ್ತು ಕಂಪ್ರೆಷನ್ ಸರಿಯಿದ್ದರೆ, ಆಗ ಪಂಪಿನ ಸರದಿ. ಅದರ ಪ್ಲಂಜರ್ ಮತ್ತು ಬ್ಯಾರಲ್ ನಡುವಿನ ಸಂದು ಕೆಲವೇ ಮೈಕ್ರಾನ್. ರಸ್ತೆಬದಿಯ ಧೂಳಿನಲ್ಲಿ ಅದನ್ನು ಬಿಚ್ಚುವಂತಿಲ್ಲ. ಪಂಪ್ ಲ್ಯಾಬಿನ ಬೆಂಚಿನ ಮೇಲೆ ಕೂರಿಸಿ, ಮೋಟಾರಿನಿಂದ ತಿರುಗಿಸಿ, ಒಂದೊಂದು ಸಿಲಿಂಡರಿಗೆ ಎಷ್ಟು ಎಣ್ಣೆ ಹೋಗುತ್ತದೆಂದು ಗಾಜಿನ ಕೊಳವೆಗಳಲ್ಲಿ ಅಳೆದು ಸಮ ಮಾಡುತ್ತಾರೆ.

50 ಅಶ್ವಶಕ್ತಿ ಮೀರಿದ ಟ್ರ್ಯಾಕ್ಟರುಗಳಿಗೆ 2023ರ ಜನವರಿಯಿಂದ ಹೊಸ ಹೊಗೆ ನಿಯಮ ಬಂದಿದ್ದು, ಅವುಗಳಲ್ಲಿ ಕಂಪ್ಯೂಟರೇ ಡೀಸೆಲ್ ಅಳೆಯುವ ಏರ್ಪಾಡು ಹೆಚ್ಚುತ್ತಿದೆ. ಅದಕ್ಕಿಂತ ಸಣ್ಣ ಮತ್ತು ಹಳೆಯ ಗಾಡಿಗಳು ಹೊಲದಲ್ಲಿ ಇರುವವರೆಗೆ ಈ ಕಿವಿ, ಈ ಬೆಂಚು ಎರಡಕ್ಕೂ ಕೆಲಸವಿದೆ.

ಗಾಡಿಯ ಮಾಲೀಕರು ಒಂದು ಮಾತು ನೆನಪಿಡಬೇಕು. ಚಿಮ್ಮುವ ನಾಜಲ್ಲಿನ ಮುಂದೆ ಬೆರಳು ಹಿಡಿದು ನೋಡಬೇಡಿ. ಆ ಒತ್ತಡಕ್ಕೆ ಡೀಸೆಲ್ ಚರ್ಮ ಸೀಳಿ ಒಳಗೆ ಇಳಿಯುತ್ತದೆ. ಮೇಲೆ ಸೂಜಿ ಚುಚ್ಚಿದಷ್ಟೇ ಗಾಯ ಕಂಡರೂ ಆ ಕೂಡಲೇ ದೊಡ್ಡ ಆಸ್ಪತ್ರೆಗೆ ಹೋಗಿ. ತಡವಾದರೆ ಬೆರಳನ್ನೇ ಕತ್ತರಿಸಬೇಕಾದೀತು.