ಬೋಕಿಯ ಮರಳಿನಲ್ಲಿ ಊರಿನ ಗುರುತು

ಮಧುಗಿರಿ, ಕೊರಟಗೆರೆ, ಪಾವಗಡದ ಸೀಮೆಯಲ್ಲಿ ಹಾದುಹೋಗುವ ಬಂಡೆಸಾಲಿಗೆ ಭೂವಿಜ್ಞಾನಿಗಳು ಕ್ಲೋಸ್‌ಪೇಟೆ ಗ್ರಾನೈಟ್ ಎನ್ನುತ್ತಾರೆ. ವಯಸ್ಸು ಸುಮಾರು 250 ಕೋಟಿ ವರ್ಷ. ಶಿರಾದ ಕಡೆಗೆ ಹೋದರೆ ಅದಕ್ಕಿಂತ ಹಳೆಯ ನೈಸ್ ಶಿಲೆ. ಈ ಕಲ್ಲುಗಳು ಸವೆದು, ಜಯಮಂಗಲಿಯಂಥ ಹೊಳೆಗಳಲ್ಲಿ, ಮಳೆಗಾಲದ ಹಳ್ಳಗಳಲ್ಲಿ ಹರಿದು ಕೆರೆ ಸೇರುತ್ತವೆ. ಕುಂಬಾರ ತಿಗರಿಗೆ ಹಾಕುವ ಗೋಡುಮಣ್ಣು ಅದೇ. ಎಷ್ಟು ಸೋಸಿದರೂ ಅದರಲ್ಲಿ ಬೆಣಚು, ಫೆಲ್ಡ್‌ಸ್ಪಾರ್, ಕಾಗೆಬಂಗಾರದ ಕಣಗಳು ಉಳಿದೇ ಉಳಿಯುತ್ತವೆ. ಆವಿಗೆಯ ಬೆಂಕಿ ಬೆಣಚನ್ನಾಗಲಿ ಫೆಲ್ಡ್‌ಸ್ಪಾರನ್ನಾಗಲಿ ಕರಗಿಸುವಷ್ಟು ಬಿಸಿಯಲ್ಲ. ಹೀಗಾಗಿ ಎರಡು ಸಾವಿರ ವರ್ಷದ ಬೋಕಿಯಲ್ಲೂ ಅದು ಹುಟ್ಟಿದ ನೆಲದ ಕಲ್ಲು ಹಾಗೇ ಕೂತಿರುತ್ತದೆ.

ಅದನ್ನು ಓದಲು ಬೋಕಿಯ ಒಂದು ಸೀಳನ್ನು 0.03 ಮಿಲಿಮೀಟರ್ ದಪ್ಪಕ್ಕೆ ತೇಯುತ್ತಾರೆ. ಆ ತೆಳುವಿನಲ್ಲಿ ಖನಿಜಗಳ ಮೂಲಕ ಬೆಳಕು ಹಾಯುತ್ತದೆ. ಧ್ರುವೀಕೃತ ಬೆಳಕಿನ ಸೂಕ್ಷ್ಮದರ್ಶಕದಡಿ ಗ್ರಾನೈಟಿನ ಮೈಕ್ರೊಕ್ಲೀನ್ ಚೌಕಳಿ ಸೀರೆಯಂತೆ ಕಾಣುತ್ತದೆ. ಒಮ್ಮೆ ಕಂಡವರು ಮರೆಯುವುದಿಲ್ಲ. ಕಣ್ಣಿಗೆ ಸಿಗದಷ್ಟು ನಯವಾದ ಮಣ್ಣಾದರೆ ಕ್ಷ-ಕಿರಣ ವಿವರ್ತನೆಯಿಂದ ಖನಿಜಗಳನ್ನು, ನ್ಯೂಟ್ರಾನ್ ಸಕ್ರಿಯಣದಿಂದ ಅತ್ಯಲ್ಪ ಪ್ರಮಾಣದ ಧಾತುಗಳನ್ನು ಅಳೆಯುತ್ತಾರೆ.

ಇದರಿಂದ ಏನು ತಿಳಿಯಿತು ಎನ್ನುವುದಕ್ಕೆ ಒಳ್ಳೆಯ ಉದಾಹರಣೆ ನೆರೆಯ ಜಿಲ್ಲೆಯಲ್ಲೇ ಇದೆ. ಶಿರಾದಿಂದ ಹಿರಿಯೂರು ದಾಟಿದರೆ ಚಿತ್ರದುರ್ಗದ ಚಂದ್ರವಳ್ಳಿ. ಪಾವಗಡದಿಂದ ವಾಯವ್ಯಕ್ಕೆ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ. 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಎರಡೂ ಕಡೆ ಅಗೆಸಿದಾಗ, ಒಳತಳದಲ್ಲಿ ಸಣ್ಣ ಕಚ್ಚುಗಳ ಉಂಗುರಗಳಿದ್ದ ನಯವಾದ ತಟ್ಟೆಗಳ ಚೂರು ಸಿಕ್ಕವು. ಇಂಥವನ್ನೇ ಅವರು 1945ರಲ್ಲಿ ಪುದುಚೇರಿ ಬಳಿಯ ಅರಿಕಮೇಡಿನಲ್ಲಿ, ರೋಮನ್ ಪಾತ್ರೆಗಳ ಜೊತೆ ಕಂಡಿದ್ದರು. ಚಂದ್ರವಳ್ಳಿಯಲ್ಲಿ ರೋಮನ್ ಬೆಳ್ಳಿ ನಾಣ್ಯಗಳೂ ದೊರೆತಿವೆ. ಈ ಕಚ್ಚಿನ ಕೌಶಲ ಮೆಡಿಟರೇನಿಯನ್ ಕಡೆಯದು ಎಂದು ಅವರು ಭಾವಿಸಿದ್ದು ಸಹಜ.

ಮಣ್ಣು ಬೇರೆಯದನ್ನೇ ಹೇಳಿತು. ಪುಣೆಯ ಡೆಕ್ಕನ್ ಕಾಲೇಜಿನ ವಿಶ್ವಾಸ್ ಗೋಗ್ಟೆ ಇಂಥ ತಟ್ಟೆಗಳನ್ನು ಕ್ಷ-ಕಿರಣಕ್ಕೆ ಒಡ್ಡಿ, ಅವುಗಳ ಮೂಲ ಬಂಗಾಳದ ಚಂದ್ರಕೇತುಗಢ–ತಮಲುಕ್ ಪ್ರದೇಶ ಎಂದು 1997ರಲ್ಲಿ ಪ್ರಕಟಿಸಿದರು. ಬೇರೆ ಬೇರೆ ತಾಣಗಳ ಚೂರುಗಳಿಗೆ ಒಂದೇ ಭೂಮೂಲವಿದೆ ಎಂಬುದನ್ನು ಮುಂದಿನ ರಾಸಾಯನಿಕ ವಿಶ್ಲೇಷಣೆಗಳೂ ಬೆಂಬಲಿಸಿದವು. ತಮಲುಕ್‌ನಿಂದ ಚಿತ್ರದುರ್ಗಕ್ಕೆ ನೇರ ಗೆರೆ ಎಳೆದರೂ ಸುಮಾರು 1500 ಕಿಲೋಮೀಟರ್! ಇದೇ ಬಗೆಯ ತಟ್ಟೆಗಳು ಬಾಲಿ ದ್ವೀಪದ ಸೆಂಬಿರಾನ್‌ನಲ್ಲೂ ಈಜಿಪ್ಟಿನ ಬೆರೆನಿಕೆ ಬಂದರಿನಲ್ಲೂ ಸಿಕ್ಕಿವೆ. ನಮ್ಮ ಬಯಲುಸೀಮೆ ಆ ವ್ಯಾಪಾರ ಜಾಲದ ಒಳಗಿತ್ತು ಎಂಬುದು ನನಗೆ ರೋಮನ್ ನಾಣ್ಯಕ್ಕಿಂತ ದೊಡ್ಡ ಸುದ್ದಿ.

ನಯವಾದ ತಟ್ಟೆಗೆ ಇಷ್ಟು ಗಮನ ಸಂದಿದೆ. ಅನ್ನ ಬೇಯಿಸಿದ ಒರಟು ಮಡಕೆಗೂ ಅಷ್ಟೇ ಸಲ್ಲಬೇಕು. ಗ್ರಾನೈಟ್ ಇಲ್ಲಿ ಎಲ್ಲೆಲ್ಲೂ ಇರುವುದರಿಂದ ಮಧುಗಿರಿಯ ಮಡಕೆಯನ್ನು ಪಾವಗಡದ್ದರಿಂದ ಬೇರ್ಪಡಿಸಲು ಚೌಕಳಿ ಕಣ ಸಾಲದು, ವಿರಳ ಭೂಧಾತುಗಳ ಪ್ರಮಾಣ ಹೋಲಿಸಬೇಕು. ಹೋಲಿಕೆಗೆ ಪ್ರತಿ ಕೆರೆಯ ಮಣ್ಣಿನ ಮಾದರಿ ಬೇಕು. ಹೂಳೆತ್ತುವಾಗ ಒಂದೊಂದು ಹಿಡಿ ಗೋಡನ್ನು ಕೆರೆಯ ಹೆಸರು ಬರೆದು ತೆಗೆದಿಟ್ಟರೆ ಆ ಸಂಗ್ರಹ ಶುರುವಾಗುತ್ತದೆ. ಬ್ರಹ್ಮಗಿರಿಯ ಕಲ್ಲುಗೋರಿಗಳಲ್ಲಿ ಸತ್ತವರ ಜೊತೆ ಇಟ್ಟ ಕಪ್ಪು-ಕೆಂಪು ಮಡಕೆಗಳು ಅಲ್ಲಿಯ ಮಣ್ಣಿನವೋ, ದೂರದ ಕುಂಬಾರಗೇರಿಯಿಂದ ಬಂದವೋ ಎಂದು ಆಗ ಕೇಳಬಹುದು.