ಹಡಗಿನವರ ಗಾಳಿ ನಕ್ಷೆ, ನಮ್ಮ ರಾಗಿ ಕುಯ್ಲು

2024ರ ನವೆಂಬರ್ 30. ಗೊರೂರಿನ ನಮ್ಮ ಹೊಲದಲ್ಲಿ ಒಂದೂವರೆ ಎಕರೆ ರಾಗಿ ಕುಯ್ದು ಅರಿ ಹಾಕಿದೆವು. ಬಂಗಾಳ ಕೊಲ್ಲಿಯಲ್ಲಿ ‘ಫೆಂಗಲ್’ ಚಂಡಮಾರುತ ಎದ್ದದ್ದು ಗೊತ್ತಿತ್ತು. ಆದರೂ ಕುಯ್ಯೋಕೆ ಧೈರ್ಯ ಕೊಟ್ಟದ್ದು ಬೆಂಗಳೂರಿನಲ್ಲಿರುವ ನಮ್ಮಣ್ಣನ ಮಗ ಮೊಬೈಲಿಗೆ ಕಳಿಸಿದ ಒಂದು ನಕ್ಷೆ. “ಚಿಕ್ಕಪ್ಪ, ಇದು ಅಮೆರಿಕದ ಮಿಲಿಟರಿಯವರದ್ದು, ಸುಳ್ಳಾಗಲ್ಲ” ಅಂದ. ದಡ ಮುಟ್ಟಿದ ಮೇಲೆ ಅದರಲ್ಲಿ ಅಂಕಿಗಳು ಇಳಿಯುತ್ತಾ ಹೋಗಿದ್ದವು. ಪುದುಚೇರಿ ನಮಗೆ 400 ಕಿಲೋಮೀಟರಿಗೂ ದೂರ. ಇಲ್ಲಿಗೆ ಬರೋಷ್ಟರಲ್ಲಿ ಸತ್ತುಹೋಗುತ್ತೆ ಅಂದ್ಕೊಂಡೆ.

ಅವತ್ತು ರಾತ್ರಿ ಪುದುಚೇರಿ ಹತ್ತಿರ ದಡ ಹತ್ತಿತು. ಗಾಳಿ ಸತ್ತದ್ದೇನೋ ನಿಜ, ಮಳೆ ಸಾಯಲಿಲ್ಲ. ಅದರ ಉಳಿಕೆ ತಮಿಳುನಾಡು ದಾಟಿ, ನಮ್ಮ ಕಡೆ ಹಾದು ಅರಬ್ಬಿ ಸಮುದ್ರ ಸೇರಿತು. ಅರಿ ನೆಲಕ್ಕೆ ಅಂಟಿ ತೆನೆಯಲ್ಲೇ ಮೊಳಕೆ ಬಂತು. ಕಪ್ಪಾದ ಹುಲ್ಲನ್ನು ದನಗಳು ಮೂಸಿ ಮುಖ ತಿರುಗಿಸಿದವು. ಹದಿನೈದು ಮೂಟೆ ಆಗಬೇಕಿದ್ದ ಕಡೆ ಒಂಬತ್ತಾಯಿತು.

ತಪ್ಪು ನಕ್ಷೆಯದ್ದಲ್ಲ, ಓದಿದ ನನ್ನದು. ಅದನ್ನು ಮಾಡುವುದು ಅಮೆರಿಕದ ನೌಕಾಪಡೆ, ವಾಯುಪಡೆ ಸೇರಿ ನಡೆಸುವ ಜಂಟಿ ಟೈಫೂನ್ ಎಚ್ಚರಿಕೆ ಕೇಂದ್ರ. 1944ರ ಡಿಸೆಂಬರಿನಲ್ಲಿ ಫಿಲಿಪ್ಪೀನ್ಸ್ ಪೂರ್ವದ ಸಮುದ್ರದಲ್ಲಿ ಅಡ್ಮಿರಲ್ ಹಾಲ್ಸಿಯ ಪಡೆ ಟೈಫೂನಿಗೆ ಸಿಕ್ಕಿ ಮೂರು ಯುದ್ಧನೌಕೆ ಮುಳುಗಿದವು, ಸುಮಾರು 790 ಜನ ಸತ್ತರು. ಅಂಥ ಪೆಟ್ಟು ತಿಂದವರು 1959ರಲ್ಲಿ ಗುವಾಮ್ ದ್ವೀಪದಲ್ಲಿ ಈ ಕೇಂದ್ರ ತೆರೆದರು. ಈಗ ಹವಾಯಿಯ ಪರ್ಲ್ ಹಾರ್ಬರಿನಲ್ಲಿದೆ. ನಮ್ಮ ಕೊಲ್ಲಿಯ ಚಂಡಮಾರುತಕ್ಕೆ ಅವರು ನಂಬರಿನ ಜೊತೆ ‘ಬಿ’ ಅಕ್ಷರ ಹಾಕುತ್ತಾರೆ, ಅರಬ್ಬಿ ಸಮುದ್ರದ್ದಕ್ಕೆ ‘ಎ’.

ಅವರ ಚಿಂತೆ ಹಡಗು, ವಿಮಾನ, ನೆಲೆಗಳದ್ದು. ನಕ್ಷೆಯ ಅಂಕಿ ಗಾಳಿಯ ವೇಗ, ನಾಟ್ ಲೆಕ್ಕ. ಒಂದು ನಾಟ್ ಅಂದರೆ ಗಂಟೆಗೆ 1.85 ಕಿ.ಮೀ. ಅವರದ್ದು ಒಂದು ನಿಮಿಷದ ಸರಾಸರಿ, ನಮ್ಮ ಹವಾಮಾನ ಇಲಾಖೆಯದ್ದು ಮೂರು ನಿಮಿಷದ್ದು. ಅದಕ್ಕೇ ಒಂದೇ ಚಂಡಮಾರುತಕ್ಕೆ ಎರಡು ಅಂಕಿ ಬಂದು ಜನ ಜಗಳ ಆಡೋದು. ಗಾಳಿ ಇಳಿದರೆ ಅವರ ಎಚ್ಚರಿಕೆ ಮುಗೀತು. ನಮ್ಮ ಹೊಲಕ್ಕೆ ಎಷ್ಟು ಮಳೆ ಬೀಳುತ್ತೆ ಅನ್ನೋದು ಆ ಅಂಕಿಯಲ್ಲಿಲ್ಲ.

ಈಗ ಕೊಲ್ಲಿಯಲ್ಲಿ ಏನಾದರೂ ಎದ್ದರೆ ಹವಾಮಾನ ಇಲಾಖೆಯ ಬೆಂಗಳೂರು ಕೇಂದ್ರ ಹಾಸನ ಜಿಲ್ಲೆಗೆ ಏನು ಮಳೆ ಹೇಳಿದೆ ಅಂತ ನೋಡುತ್ತೇನೆ. ದಡ ಹತ್ತಿದ ಮೇಲೂ ಮೂರು ದಿನ ಕುಡುಗೋಲು ಮುಟ್ಟೋದಿಲ್ಲ. ಪಕ್ಕದ ಹೊಲದವರು ಅವತ್ತು ಕುಯ್ಯದೆ ಬಿಟ್ಟಿದ್ದರು. ಪೈರು ಸ್ವಲ್ಪ ಮಲಗಿತು, ಬಿಸಿಲು ಕಂಡ ಮೇಲೆ ಕುಯ್ದರು. ಆಗಲೇ ಕುಯ್ದಾಗಿದ್ದರೆ, ಒಣಗಿದಷ್ಟನ್ನು ಕಂತೆ ಕಟ್ಟಿ, ದಿಬ್ಬದಲ್ಲಿ ಮೆದೆ ಹಾಕಿ ಟಾರ್ಪಾಲು ಹೊದಿಸಬೇಕು. ಹಸಿ ಕಂತೆ ಒಟ್ಟಬೇಡಿ, ಕಾವು ಬಂದು ಮುಗ್ಗುತ್ತೆ.